ಕೋಲೂ ಸೇರಿ

ಕೋಡಿಬಾಗದ ಓಣಿಯಲ್ಲಿ ತಾಡಪಾಲು ಹೊದ್ದು ನಿಂತಿತ್ತು.
ಎಳೆದು ನೋಡಿದರೆ
ಕಾರಿಗಿಂತ ಉದ್ದ, ಜೀಪಿಗಿಂತ ಗಿಡ್ಡ,
ಬೆನ್ನು ಇಳಿಸುವುದನ್ನೇ ಮರೆತು
ಹಿಂಬಾಗಿಲ ತನಕ ನೆಟ್ಟಗೆ ಹೋದ ಮಾಡು.
"ಮರೀನಾ" ಅಂದರು ಅನ್ಸೆಲ್ಮಾಬಾಯಿ,
ಮನೆಯವರೊಬ್ಬರ ಪರಿಚಯ ಮಾಡಿಸುವ ಹಾಗೆ.
"ಕಂಪನಿಯವರು ಇದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು. ಗೊತ್ತದೆ ಅಲ್ಲ?"

ಗೊತ್ತಿದ್ದೇ ಬಂದವಳು.
ಕಂಪನಿ ಬಿಟ್ಟದ್ದರಿಂದಲೇ ನನ್ನ ಅನ್ನ:
ಮಾಜಾಳಿಯಿಂದ ಬೇಲೇಕೇರಿವರೆಗೆ ಹೊಲಿಗೆ ಮೆಷಿನ್ ರಿಪೇರಿ.
ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಬಹುದು;
ಬೀಡಿನ ಕಾಲು, ಗಾಲಿ, ಪೆಡಲು?
ಕಂಡಕ್ಟರು ಅದಕ್ಕೆ ಅರ್ಧ ಟಿಕೇಟು ಹರಿಯುತ್ತಾನೆ,
ಬೈಗುಳ ಮಾತ್ರ ಪೂರ್ತಿ.

ತಾಂಡೇಲರ ಉಲ್ಲಾಸ ಹೆಂಡತಿಯ ಫ್ರಿಜ್ಜಿನಿಂದ
ಅಯಸ್ಕಾಂತದ ಮಾವಿನಹಣ್ಣು ಕಿತ್ತು ತಂದಿದ್ದ.
ಬಾಗಿಲಿಗೆ ಇಟ್ಟ, ಅಂಟಿತು.
ಬಾನೆಟ್ಟಿಗೆ ಇಟ್ಟ, ಅಂಟಿತು.
ಹಿಂಚಕ್ರದ ಮೇಲೆ ಇಟ್ಟರೆ
ಹಣ್ಣು ಜಾರಿ ಅಂಗಳಕ್ಕೆ ಬಿತ್ತು.
"ಇಲ್ಲಿ ಪೂರ್ತಿ ಪುಟ್ಟಿ, ಬಾಯೀ. ಒಳಗೆ ತಗಡೇ ಇಲ್ಲ."
"ಸಮುದ್ರದ ಪಾಲು ಅದು" ಅಂದರು ಅವರು,
"ಈ ಊರಲ್ಲಿ ಯಾರ ಗಾಡಿಯಲ್ಲಿ ಇಲ್ಲ, ಹೇಳು?"

ಹಿಂಬಾಗಿಲು ಎತ್ತಿದೆ. ನಿಟ್ಟುಸಿರು ಬಿಟ್ಟು
ನನ್ನ ತಲೆಯ ಮೇಲೇ ಇಳಿಯತೊಡಗಿತು.
ಒಳಗಿಂದ ಓಡಿಬಂದು ಬಾಯಿ ಒಂದು ಕೋಲು ಆನಿಸಿದರು,
ಮುರಿದ ದೋಣಿಹುಟ್ಟಿನ ತುಂಡು,
ಎರಡೂ ತುದಿಗೆ ಸೈಕಲ್ ಟ್ಯೂಬು ಸುತ್ತಿದ್ದು.

ಸೀಟು ಮಡಚಿ ಕೊರಳ ಟೇಪು ಬಿಚ್ಚಿದೆ.
ಮೂರು ಮೆಷಿನ್ನು, ಕಾಲು ಸಮೇತ. ಒತ್ತಿದರೆ ನಾಲ್ಕು.
ಕಾರ್ಪೆಟ್ಟಿನ ಮೇಲೆ ದೊಡ್ಡದೊಂದು ಸುತ್ತು ಅಚ್ಚು ಬಿದ್ದಿತ್ತು,
ಉಜ್ಜಿದರೂ ಏಳಲಿಲ್ಲ.
"ಜುಜೆಯ ಡ್ರಮ್ಮು. ಮದುವೆಗೂ ಅದೇ, ಮಣ್ಣಿಗೂ ಅದೇ,
ಹೊಡೆತ ಮಾತ್ರ ಬೇರೆ.
ಕಾಣಕೋಣದ ಹುಡುಗರು ತಕಂಡು ಹೋದರು.
ಗಾಡಿ ಬೇಡ ಅಂದರು."

ಬಿಣಗಾ ಘಾಟಿಯಲ್ಲಿ ಎರಡನೇ ಗೇರು.
ಹಿಂದೆ ಕಪ್ಪು ಹೊಗೆ, ಅದರ ಹಿಂದೆ ಲಾರಿಯ ಹಾರ್ನು,
ಪಕ್ಕದಲ್ಲಿ ಸಮುದ್ರ, ನೋಡುವಷ್ಟು ಪುರುಸೊತ್ತಿಲ್ಲ.
ನನಗೆ ಕಾರು ಗೊತ್ತಿಲ್ಲ. ಆದರೆ
ಎಣ್ಣೆ ಕೇಳುವ ಸದ್ದು ಗೊತ್ತು,
ನಟ್ಟು ಸಡಿಲಾಗಿ ಸುಳ್ಳು ಹೇಳುವ ಸದ್ದೂ ಗೊತ್ತು.
ಇದು ಎಣ್ಣೆ ಕೇಳುತ್ತಿತ್ತು, ಅಷ್ಟೇ.

"ಹಿಂದಿನ ದೀಪದ ಗಾಜು ಒಡೆದರೆ ಮುಗೀತು,
ಇನ್ನೆಲ್ಲೂ ಸಿಗೂದಿಲ್ಲ" ಅಂದ ಉಲ್ಲಾಸ.
ಸಿಗೂದಿಲ್ಲ ಅನ್ನುವಂಥವನ್ನೆಲ್ಲ
ನಾನು ಬಿಸ್ಕೀಟಿನ ಡಬ್ಬದಲ್ಲಿ ಕೂಡಿಟ್ಟಿದ್ದೇನೆ ಮಾರಾಯ:
ಬಾಗಿಲು ಹಾಕಿದ ಕಾರ್ಖಾನೆಗಳ ಬಾಬಿನ್ ಕೇಸು,
ಮೂರು ಊರು ಅಲೆದು ತಂದ ಒಂದು ಸ್ಪ್ರಿಂಗು.

ಅವರು ಒಂದು ಲಕ್ಷ ಅಂದರು.
ನಾನು ಎಪ್ಪತ್ತು ಅಂದೆ.
ಎಂಬತ್ತಕ್ಕೆ ಏರಿದಾಗ ಉಲ್ಲಾಸ ಕೆಮ್ಮಿದ.
ಎಂಬತ್ತೆರಡಕ್ಕೆ ಮತ್ತೆ ಕೆಮ್ಮಿದ.
ಬಾಯಿ ಅವನಿಗೆ ನೀರು ತಂದುಕೊಟ್ಟು
"ಆಯ್ತು, ಎಂಬತ್ತೆರಡು" ಅಂದರು.

ಕೀಲಿ. ಆರ್.ಸಿ. ಎರಡು ಸಲ ಎಣಿಸಿದ ನೋಟು.
ಕೊನೆಗೆ ಕೋಲು.
"ಇದನ್ನ ಕಳಕಬೇಡ. ಬೇರೆ ಯಾವುದೂ ಆಗೂದಿಲ್ಲ,
ಒಂದು ಉದ್ದ ಆಗ್ತದೆ, ಒಂದು ಗಿಡ್ಡ.
ಜುಜೆ ನಾಲ್ಕು ಕೊಯ್ದು ಐದನೇದು ಸರಿ ಬಂದದ್ದು."
ಚಾಳಿ, ಏನು ಮಾಡಲಿ, ಟೇಪು ಹಿಡಿದೆ:
ಮೂವತ್ತೊಂದೂವರೆ ಇಂಚು.
ಗಿರಾಕಿಗಳ ಅಳತೆಯ ಕೆಳಗೆ ಬರೆದುಕೊಂಡೆ.

ಉಲ್ಲಾಸ ರಿವರ್ಸು ತೆಗೆದ.
ಗಾಡಿ ನಿಂತ ಜಾಗದಲ್ಲಿ ಹುಲ್ಲು ಬೆಳ್ಳಗೆ ಮಲಗಿತ್ತು,
ಅಷ್ಟೇ ಉದ್ದ, ಅಷ್ಟೇ ಅಗಲ.
ಗೇಟು ಹಾಕಿದ ಅನ್ಸೆಲ್ಮಾಬಾಯಿ
ಅದರ ಮೇಲೆ ಕಾಲಿಡದೆ
ಬಾನೆಟ್ಟಿನ ಮುಂದಿಂದ ಸುತ್ತುಹಾಕಿ
ಮನೆಯೊಳಗೆ ಹೋದರು.